ಖಾಜಿ ಸಾಹೇಬರ ಕಣ್ಣು ಬಿಡಿಸಿದ್ದು

ನಮ್ಮತ್ತೆ ಕೊಲ್ಲಾಪುರಮ್ಮ ಕಣ್ಣು ತೆರೆದುಕೊಂಡೇ ಮಲಗುತ್ತಿದ್ದರು. ಹೀಗಂದರೆ ಈಗಿನವರು ಮುಸಿಮುಸಿ ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಗುತ್ತೆ? ಅವರ ಪಕ್ಕದ ಚಾಪೆಯಲ್ಲಿ ಮಲಗಿದವಳು ನಾನು. ಮೊದಲು ಹಾಗಿರಲಿಲ್ಲ. ನಾನು ಸೊಸೆಯಾಗಿ ಆ ಮನೆ ಹೊಕ್ಕ ಹೊಸದರಲ್ಲಿ ಅತ್ತೆ ಗೊರಕೆ ಹೊಡೆದರೆ ಮಾಳಿಗೆಯ ಮಣ್ಣು ಉದುರಬೇಕು, ಅಂಥ ನಿದ್ದೆ. ಸೊಸೆಗೆ ಬಯ್ದು ಬಯ್ದು ಸುಸ್ತಾದವರಿಗೆ ನಿದ್ದೆ ಚೆನ್ನಾಗಿಯೇ ಬರುತ್ತೆ ಅಂತ ನಾನು ಗೊಣಗುತ್ತಿದ್ದೆ. ಆ ನಿದ್ದೆ ಕೆಟ್ಟದ್ದು ಖಾಜಿ ಸಾಹೇಬರ ಪಟದಿಂದ.

ಸಿರಾದ ಕೋಟೆಯ ಹಿಂದೆ ನಮ್ಮ ಮನೆ. ನಾವು ಚಿತ್ರಗಾರರು. ಸುತ್ತಲಿನ ಹಳ್ಳಿಗಳ ಅಮ್ಮನವರ ಮರದ ಮುಖಗಳು ಬಣ್ಣ ಮಾಸಿದಾಗ ನಮ್ಮ ಮನೆಗೆ ಬರುತ್ತಿದ್ದವು. ಬಾಬಯ್ಯನ ಹಬ್ಬ, ಅಂದರೆ ಮೊಹರಂ, ಬಂದರೆ ಸಾಬರ ತಾಬೂತಿಗೂ ಬಣ್ಣ ಹಾಕುತ್ತಿದ್ದವರು ನಾವೇ. ಅತ್ತೆಯ ತವರು ಪಾವಗಡದ ಕಡೆ ವಳ್ಳೂರು. ಅದಕ್ಕೇ ಸಿಟ್ಟು ಬಂದರೂ ಅಳು ಬಂದರೂ ಬಾಯಿಗೆ ಮೊದಲು ಬರುತ್ತಿದ್ದುದು ತೆಲುಗು.

ಅತ್ತೆಯದು ಒಂದೇ ಕೆಲಸ, ಕಣ್ಣು ಬಿಡಿಸುವುದು. ನಮ್ಮಲ್ಲಿ ಚಿತ್ರ ಬರೆಯುವುದಕ್ಕೂ ಬಿಡಿಸುವುದು ಅನ್ನುತ್ತೇವೆ, ಮುಚ್ಚಿದ್ದನ್ನು ತೆರೆಸುವುದಕ್ಕೂ ಬಿಡಿಸುವುದು ಅನ್ನುತ್ತೇವೆ. ನಮ್ಮ ಕಸುಬಿನಲ್ಲಿ ಎರಡೂ ಒಂದೇ. ಮುಖಕ್ಕೆ ಯಾರು ಬೇಕಾದರೂ ಅರಿಶಿನ ಬಣ್ಣ ಹಚ್ಚಬಹುದು, ಮೂಗುತಿ ಬರೆಯಬಹುದು. ಕಣ್ಣು ಮಾತ್ರ ಕಡೆಗೆ, ಬಲ್ಲವರ ಕೈಯಲ್ಲಿ. ಬಿಡಿಸುವವರು ಮುಖದ ಎದುರು ಕೂರಬಾರದು. ಪಕ್ಕಕ್ಕೆ ಕೂತು, ಕನ್ನಡಿಯಲ್ಲಿ ನೋಡಿಕೊಂಡು ಗೀಟು ಎಳೆಯಬೇಕು. ಎದುರಿಗೆ ಒಂದು ಬೂದುಗುಂಬಳಕಾಯಿ ಇಟ್ಟಿರಬೇಕು. ತೆರೆದ ಕಣ್ಣಿನ ಮೊದಲ ನೋಟ ಅದರ ಮೇಲೆ ಬೀಳಬೇಕು, ಆಮೇಲೆ ಅದನ್ನು ಬೀದಿಗೆ ಒಯ್ದು ಒಡೆಯಬೇಕು. ಮನುಷ್ಯರ ಮೇಲೆ ಬಿದ್ದರೆ ಆ ನೋಟ ಅವರನ್ನು ಬಿಡುವುದಿಲ್ಲ.

ಗಂಡಸರ ಕೆಲಸ ಅದು. ನಮ್ಮ ಮಾವನವರ ಕೈ ನಡುಗತೊಡಗಿದ ಮೇಲೆ ಅತ್ತೆ ಕುಂಚ ಹಿಡಿದರು. ನನ್ನ ಗಂಡ ಪರ್ವತಯ್ಯನಿಗೆ ಮರ ಕೆತ್ತುವುದು ಬರುತ್ತಿತ್ತೇ ಹೊರತು ಕಣ್ಣು ಒಲಿಯಲಿಲ್ಲ. ಬರಗೂರಿನವರು ಅಮ್ಮನವರನ್ನು ತಂದಿಟ್ಟುಕೊಂಡು, "ಹೆಂಗಸು ದೇವ್ರ ಕಣ್ಣು ಬುಡ್ಸೋದುಂಟಾ?" ಅಂತ ತಕರಾರು ಎತ್ತಿದರು.

"ಅಮ್ಮನೋರು ಹೆಂಗಸಲ್ವೇನ್ರಯ್ಯಾ?" ಅಂದರು ಅತ್ತೆ. ಬಂದವರು ತೆಪ್ಪಗೆ ಬೀಡಿ ಹಚ್ಚಿಕೊಂಡರು.

ಆ ಕಣ್ಣುಗಳನ್ನು ನೀವು ನೋಡಬೇಕಿತ್ತು. ಅಗಲ, ಕಿವಿಯವರೆಗೂ ಹೋಗುವಂಥವು. ರೆಪ್ಪೆಯೇ ಇರುತ್ತಿರಲಿಲ್ಲ. ದೇವರು ರೆಪ್ಪೆ ಬಡಿಯುವುದಿಲ್ಲವಲ್ಲ. "ಗರ್ಭಗುಡಿ ಕತ್ತಲಾಗೆ ನೋಡ್ಬೇಕು ಕಣೇ ಆಯಮ್ಮ, ರೆಪ್ಪೆ ಯಾಕೆ?" ಅನ್ನುತ್ತಿದ್ದರು. ಅವರ ಕೈಗೆ ಗೊತ್ತಿದ್ದದ್ದು ಆ ಕಣ್ಣೊಂದೇ.

ಆಗ ಮಹಾರಾಜರ ಕಾಲ. ಸಿರಾಕ್ಕೆ ಬಂದ ಹೊಸ ಅಮಲ್ದಾರರಿಗೆ ಪುರಭವನದ ಗೋಡೆ ತುಂಬಿಸುವ ಹುಚ್ಚು ಹಿಡಿಯಿತು. ಮಹಾರಾಜರ ಪಟದ ಪಕ್ಕದಲ್ಲಿ ಊರಿನ ದೊಡ್ಡವರ ಪಟಗಳೂ ಇರಬೇಕು ಅಂದರು. ದೊಡ್ಡವರು ಅಂದರೆ ಮೊದಲು ಖಾಜಿ ಸೈಯದ್ ಕುತುಬುದ್ದೀನ್ ಸಾಹೇಬರು. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ನಾಲ್ಕು ಕಡೆಯ ಸಾಬರಿಗೂ ಅವರ ಮಾತೇ ಕಟ್ಟಕಡೆ. ಮದುವೆ, ತಲಾಖು, ಆಸ್ತಿಯ ಪಾಲು, ಎಲ್ಲದಕ್ಕೂ ಅವರೇ. ಎಲ್ಲಕ್ಕಿಂತ ದೊಡ್ಡದು ರಂಜಾನಿನ ಚಂದ್ರ. ಅವರು ಜುಮ್ಮಾ ಮಸೀದಿಯ ಮೇಲೆ ನಿಂತು "ಚಾಂದ್ ಆಯಿತು" ಅಂದರೆ ನಾಲ್ಕು ತಾಲ್ಲೂಕಿಗೂ ಹಬ್ಬ. ಯಾರಾದರೂ ಇಬ್ಬರು ನೋಡಿ ಸಾಕ್ಷಿ ಹೇಳಿದರೂ ನಡೆಯುತ್ತದಂತೆ. ಆದರೆ ಅವರ ಮನೆತನದವರು ಅಜ್ಜನ ಕಾಲದಿಂದಲೂ ತಾವೇ ಕಂಡು ಸಾರಿದವರು.

ಫೋಟೋದವನು ತುಮಕೂರಿಂದ ಬಂದಾಗ ಖಾಜಿ ಸಾಹೇಬರು ಬಾಗಿಲು ತೆಗೆಸಲಿಲ್ಲ. ಕಡೆಗೆ ಅಮಲ್ದಾರರ ಕಾಟ ತಡೆಯಲಾರದೆ ನಮ್ಮತ್ತೆಯನ್ನು ಕರೆಸಿದರು. ಬಣ್ಣ ತೇಯುವುದಕ್ಕೆ ನಾನೂ ಹೋದೆ. ಅವರು ಜಗಲಿಯ ಮೇಲೆ ಬಿಳಿ ಗಡ್ಡ, ಹಸಿರು ಶಾಲು, ಕೈಯಲ್ಲಿ ಜಪಮಣಿಯೊಂದಿಗೆ ಕೂತಿದ್ದರು. ತಲೆ ಎತ್ತಲಿಲ್ಲ. ಪರ ಹೆಂಗಸರ ಮುಖ ನೋಡುವವರಲ್ಲ ಅವರು.

"ಕೊಲ್ಲಾಪುರಮ್ಮ, ಜೀವ ಇರೋದನ್ನ ಬರೆಯೋದು ನಮ್ಮಲ್ಲಿ ತಪ್ಪು. ಜೀವ ಕೊಡೋನು ಮಾಲೀಕ್ ಒಬ್ಬನೇ. ನೀನು ಶಾಲು ಬರಿ, ಗಡ್ಡ ಬರಿ. ಕಣ್ಣು ಬೇಡ. ಕಣ್ಣಿಲ್ದಿದ್ರೆ ಅದು ಮರದ ಕೊರಡು, ನನಗೆ ದೋಷ ಇಲ್ಲ," ಅಂದರು.

"ನಮ್ಮಲ್ಲೂ ಹಂಗೇ ಸ್ವಾಮಿ. ಕಣ್ಣು ಬಂದ್ರೇನೇ ಜೀವ. ಆದ್ರೆ ಕಣ್ಣಿಲ್ದ ಮುಖ ನಂ ಮನ್ಯಾಗೆ ಎಷ್ಟು ದಿನ ಇಟ್ಕಳ್ಳಾನ? ಖಾಲಿ ಮನೆ ಇದ್ದಂಗೆ ಅದು, ಯಾವ್ದಾದ್ರೂ ಬಂದು ಸೇರ್ಕಂಬುಡ್ತದೆ."

ಸಾಹೇಬರು ಜಪಮಣಿಯನ್ನು ಮಡಿಲಲ್ಲಿಟ್ಟರು. "ನಾನು ಕಣ್ಣು ಮುಚ್ಚಿದ ಮೇಲೆ ಬಿಡಿಸು. ಆಗ ನಂದೇನೂ ಹೊಣೆ ಇರಲ್ಲ. ಅಲ್ಲೀ ತನಕ ಒಂದು ಗೀಟೂ ಎಳೀಬೇಡ. ಮಾತು ಕೊಡು."

"ಕೊಟ್ಟೆ ಸ್ವಾಮಿ. ನೀವು ಕಣ್ಣು ಮುಚ್ಚಿದ ದಿನವೇ ಬುಡಿಸ್ತೀನಿ." ಅತ್ತೆ ನೆಲ ಮುಟ್ಟಿ ಮಾತು ಕೊಟ್ಟರು.

ಹೀಗೆ ಹಲಸಿನ ಹಲಗೆಯ ಮೇಲೆ ಖಾಜಿ ಸಾಹೇಬರು ಮೂಡಿದರು. ಶಾಲಿನ ಅಂಚು, ಬೆರಳಿನ ಗೆಣ್ಣು, ಗಡ್ಡದ ಕೂದಲು ಎಲ್ಲ ಇದ್ದವು. ಹುಬ್ಬಿನ ಕೆಳಗೆ ಮಾತ್ರ ಎರಡು ಬೋಳು ಬಿಳಿ ಜಾಗ. ಅಮಲ್ದಾರರು ಬಂದು ನೋಡಿ, "ಏನಮ್ಮ, ಕುರುಡರನ್ನ ಕಟ್ಟಲೇನು ಪುರಭವನದಲ್ಲಿ?" ಅಂತ ರೇಗಿ ಹೋದರು. ಪಟ ನಮ್ಮ ಪಡಸಾಲೆಯಲ್ಲಿಯೇ, ಒಲೆಯ ಎದುರು ಗೋಡೆಗೆ ಒರಗಿ ನಿಂತಿತು. ನನಗಂತೂ ಅದರ ಮುಂದೆ ಓಡಾಡಲು ಮೈ ಜುಂ ಅನ್ನುತ್ತಿತ್ತು. ನಮ್ಮ ಕೋಳಿ ಸುತ್ತಿ ಬಳಸಿ ಹಿತ್ತಿಲಿಗೆ ಹೋಗುತ್ತಿತ್ತು, ಅದರ ಮುಂದೆ ಹಾಯುತ್ತಿರಲಿಲ್ಲ. ಅತ್ತೆ ಆ ಬೋಳು ಜಾಗಕ್ಕೆ ಒಂದು ಮಡಿಬಟ್ಟೆ ಕಟ್ಟಿದರು.

ಹಿಂದಿನ ವರ್ಷದ ರಂಜಾನಿನಲ್ಲಿ ಸಾಹೇಬರ ಕಣ್ಣಿಗೆ ಚಂದ್ರ ಬಿದ್ದಿರಲಿಲ್ಲ. ಪೊರೆ ಬಂದಿತ್ತು. ಬೇರೆಯವರ ಮಾತು ನಂಬಿ ಹಬ್ಬ ಸಾರಬೇಕಾಯಿತು ಅನ್ನುವ ಕೊರಗು ಅವರನ್ನು ಒಳಗೇ ಕೊರೆಯುತ್ತಿತ್ತು. ಮಧುಗಿರಿಗೆ ಕಣ್ಣಿನ ಡಾಕ್ಟರು ಬಂದು ಬಿಡಾರ ಹೂಡಿದ್ದಾರೆ ಅಂತ ಕೇಳಿ, ಯಾರಿಗೂ ಹೇಳದೆ, ಗಾಡಿ ಹೊಡೆಯುವ ಸಂಜೀವಯ್ಯನನ್ನು ಕರೆದುಕೊಂಡು ಹೋದರು. ನಮಗೆ ಅದು ಗೊತ್ತಿರಲಿಲ್ಲ. ಅದೇ ಎಡವಟ್ಟಾದದ್ದು.

ಒಂದು ದಿನ ಮಧ್ಯಾಹ್ನ ನಾನು ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದೆ. ಸಂಜೀವಯ್ಯನ ಗಾಡಿ ಧೂಳೆಬ್ಬಿಸಿಕೊಂಡು ಬಂತು. ನಿಲ್ಲಿಸಲೂ ಇಲ್ಲ ಮಹಾರಾಯ. ಹೋಗುತ್ತ ಹೋಗುತ್ತಲೇ ಕೂಗಿದ.

"ಸಾಹೇಬ್ರ್ ಕಣ್ ಮುಚ್ಚಿದ್ರು ಕಣಮ್ಮೋ! ಮಧುಗಿರೀಲಿ!"

ಒಳಗಿದ್ದ ಅತ್ತೆಗೂ ಕೇಳಿಸಿತು. "ಅಯ್ಯೋ ದೇವುಡಾ" ಅಂತ ಎದೆ ಹಿಡಿದುಕೊಂಡರು. ನಾನು ಅವರ ಕಣ್ಣಲ್ಲಿ ಹಾಗೆ ನೀರು ಕಂಡದ್ದು ಮಾವನವರು ಹೋದಾಗ ಒಮ್ಮೆ, ಆಮೇಲೆ ಅವತ್ತೇ. ಅತ್ತುಕೊಂಡೇ ಪಟದ ಬಟ್ಟೆ ಬಿಚ್ಚಿ, ಬಣ್ಣದ ಚಿಪ್ಪು ತೆಗೆದರು. ಮಾತು ಕೊಟ್ಟಿದ್ದರಲ್ಲ, ಅದೇ ದಿನ ಬಿಡಿಸಬೇಕು ಅಂತ. ಮನುಷ್ಯ ಹೋದ ಮೇಲೆ ಅವನ ಖಾಲಿ ಮುಖ ಮನೆಯಲ್ಲಿ ಒಂದು ಗಳಿಗೆಯೂ ಇರಬಾರದು ಅಂತ ಅವರ ಭಯ ಬೇರೆ.

"ಕನ್ನಡಿ ತರ್ಲಾ ಅತ್ತೆ? ಕುಂಬಳಕಾಯಿ?" ಅಂದೆ.

"ದೇವ್ರಲ್ಲ ಕಣೇ, ಮನುಷ್ಯ. ಮನುಷ್ಯನ ಕಣ್ಣಿಗೆ ಯಾವ ಕನ್ನಡಿ?" ಅಂತ ಎದುರಿಗೇ ಕೂತುಬಿಟ್ಟರು.

ಒಂದು ವಿಷಯ ಇಬ್ಬರಿಗೂ ಹೊಳೆಯಲಿಲ್ಲ. ಸಾಹೇಬರ ಕಣ್ಣನ್ನು ಅತ್ತೆ ನೋಡಿರಲೇ ಇಲ್ಲ. ಅವರು ತಲೆ ಎತ್ತಿದ್ದರೆ ತಾನೆ? ಕಣ್ಣೀರಲ್ಲಿ ಮುಂದಿನದು ಮಸುಕಾದಾಗ ಕೈ ತನಗೆ ಗೊತ್ತಿದ್ದದ್ದನ್ನು ಬರೆಯಿತು. ಅಗಲವಾದ, ಕಿವಿ ಮುಟ್ಟುವ, ರೆಪ್ಪೆಯಿಲ್ಲದ ಕಣ್ಣು. ಕರಿಗುಡ್ಡೆಯ ನಡುವೆ ಬಿಳಿ ಚುಕ್ಕೆ ಇಟ್ಟ ಗಳಿಗೆಯಲ್ಲಿ ಅತ್ತೆ ಕೂತಲ್ಲಿಯೇ ಬೆಚ್ಚಿದರು. ಹಿತ್ತಿಲಲ್ಲಿ ಕೋಳಿ ಕಿರುಚಿತು. ಬಿಳಿ ಗಡ್ಡದ ಮೇಲಿನ ಆ ಕಣ್ಣುಗಳು ಅತ್ತೆಯನ್ನೇ ನೋಡುತ್ತಿದ್ದವು.

ಸಂಜೆ ಹೂವು ತೆಗೆದುಕೊಂಡು ಇಬ್ಬರೂ ಸಾಹೇಬರ ಮನೆಗೆ ಹೋದೆವು. ಬಾಗಿಲಲ್ಲಿ ಅಳುವಿಲ್ಲ, ಜನವಿಲ್ಲ. ಅವರ ಅಕ್ಕ, ಹಲ್ಲಿಲ್ಲದ ಬೂಬಮ್ಮ, ಅಡಿಕೆ ಕುಟ್ಟುತ್ತ ಕೂತಿದ್ದರು. ನಮ್ಮ ಮುಖ, ಹೂವು ನೋಡಿ, "ಯಾರಮ್ಮಾ ಸತ್ತಿದ್ದು?" ಅಂದರು.

ಸಂಜೀವಯ್ಯ ಎತ್ತಿಗೆ ಹುಲ್ಲು ಹಾಕುತ್ತಿದ್ದವನು ಓಡಿ ಬಂದ. "ಪೊರೆ ತೆಗೆದು ಡಾಕ್ಟ್ರು ಕಣ್ಣಿಗೆ ಬಟ್ಟೆ ಕಟ್ಟಿ ಮುಚ್ಚವ್ರೆ ಕಣಮ್ಮ. ಬಟ್ಟೆಬರೆ ಒಯ್ಯಾಕೆ ನಾನು ಬಂದೆ. ನಾನು 'ಸಾಹೇಬ್ರ' ಕಣ್ಣು ಮುಚ್ಚಿದ್ರು ಅಂದೆ. 'ಸಾಹೇಬ್ರು' ಅನ್ನಲಿಲ್ಲ, ನಮ್ಮಪ್ಪನಾಣೆ!"

ಒಂದು ಕೊಂಬು, ಅಷ್ಟೇ. 'ರ' ಅಂದನೋ 'ರು' ಅಂದನೋ, ಗಾಡಿಯ ಚಕ್ರದ ಸದ್ದಿನಲ್ಲಿ ಯಾವ ದೇವರಿಗೆ ಗೊತ್ತು? ನನಗೆ ಅವನ ಜುಟ್ಟು ಹಿಡಿದು ಬಾರಿಸಬೇಕು ಅನ್ನಿಸಿತು. ಅತ್ತೆ ದಾರಿಯುದ್ದಕ್ಕೂ ತಮ್ಮ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ನಡೆದರು.

ಮಧುಗಿರಿಯಲ್ಲಿ ಬಟ್ಟೆ ಬಿಚ್ಚಿದಾಗ ಸಾಹೇಬರಿಗೆ ಡಾಕ್ಟರೂ ಕಾಣಲಿಲ್ಲ, ದೀಪವೂ ಕಾಣಲಿಲ್ಲ. ಪೊರೆ ಚೊಕ್ಕವಾಗಿ ಕಿತ್ತು ಬಂದಿದೆ, ಗುಡ್ಡೆ ಗಾಜಿನ ಹಾಗಿದೆ, ಯಾಕೆ ಕಾಣುವುದಿಲ್ಲವೋ ನನಗೆ ತಿಳಿಯದು ಅಂತ ಡಾಕ್ಟರು ಕೈಚೆಲ್ಲಿದರಂತೆ. ಸಾಹೇಬರನ್ನು ಕೈಹಿಡಿದು ಊರಿಗೆ ತಂದರು. ಊರಿಗೆ ಊರೇ ಮರುಗಿತು. ಅತ್ತೆ ಊಟ ಬಿಟ್ಟರು. "ನಾನೇ ಕಿತ್ಕಂಡೆ ಕಣೇ ಅವ್ರ ಕಣ್ಣ. ಕಿತ್ತು ಹಲಗೆ ಮ್ಯಾಲೆ ಅಂಟಿಸಿಬುಟ್ಟೆ," ಅನ್ನುತ್ತಿದ್ದರು.

"ಡಾಕ್ಟ್ರು ಕೆಡಿಸಿರೋದಕ್ಕೆ ನೀವ್ಯಾಕೆ ಹೊರೆ ಹೊತ್ಕಂತೀರಿ? ಸುಮ್ನೆ ಮುದ್ದೆ ಉಣ್ಣಿ," ಅಂತ ನಾನು ಗದರಿದೆ. ಆಗ ನಾನು ಏನನ್ನೂ ನಂಬುತ್ತಿರಲಿಲ್ಲ.

ನಂಬಿಕೆ ಬಂದದ್ದು ಒಂದು ಬೆಳಗ್ಗೆ. ಸಂಜೀವಯ್ಯ ಬಂದು, ಈ ಸಲ ಗಾಡಿಯಿಂದ ಇಳಿದು, ತಲೆ ತುರಿಸಿಕೊಂಡು ಬಾಗಿಲಲ್ಲಿ ನಿಂತ.

"ಸಾಹೇಬ್ರು ಹೇಳಿ ಕಳಿಸವ್ರೆ. ನಿಮ್ಮ ಒಲೆ ಪಕ್ಕದ ಗೋಡೆ ಬಿರುಕು ಬಿಟ್ಟೈತಂತೆ. ಅದ್ರಾಗೆ ಕರಿ ಚೇಳು ಐತಂತೆ. ನಿಮ್ಮ ಸೊಸೆ ದಿನಾ ಅಲ್ಲೇ ಕೈ ಊರ್ತಾಳೆ, ಉಸಾರು ಅಂತ ಹೇಳು ಅಂದ್ರು."

ಸಾಹೇಬರು ನಮ್ಮ ಮನೆಯೊಳಗೆ ಕಾಲಿಟ್ಟವರಲ್ಲ. ನಾನು ಇಕ್ಕಳ ತಂದು ಬಿರುಕಿನಲ್ಲಿ ಕೆದಕಿದೆ. ಚೇಳು ಕೊಂಡಿ ಎತ್ತಿಕೊಂಡು ಈಚೆಗೆ ಬಂತು. ಅದನ್ನು ಹೊಸಕಿ ತಲೆ ಎತ್ತಿದರೆ ಎದುರಿಗೆ ಪಟ. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ.

ಅವತ್ತೇ ಸಾಹೇಬರಲ್ಲಿಗೆ ಹೋದೆವು. ಅವರು ಅದೇ ಜಗಲಿಯ ಮೇಲೆ ಕೂತಿದ್ದರು. ತಲೆ ಮೇಲಕ್ಕಿತ್ತು, ಕಣ್ಣು ತೆರೆದಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ಒಂದು ನೊಣ ಕಣ್ಣಿನ ಅಂಚಿನಲ್ಲಿ ಕೂತರೂ ಅಲುಗಲಿಲ್ಲ. ಅತ್ತೆ ಅವರ ಕಾಲ ಬಳಿ ಕುಸಿದು ನಡೆದದ್ದನ್ನೆಲ್ಲ ಹೇಳಿದರು.

"ಗೊತ್ತು," ಅಂದರು ಸಾಹೇಬರು. ಕೋಪ ಇರಲಿಲ್ಲ. "ಬಟ್ಟೆ ಬಿಚ್ಚಿದಾಗ ಕತ್ತಲೆ ಬರುತ್ತೆ ಅಂದ್ಕೊಂಡೆ. ಕತ್ತಲೆ ಬರಲಿಲ್ಲಮ್ಮ. ನಿಮ್ಮ ಮನೆ ಬಂತು. ಒಲೆ, ನಾಗಂದಿಗೆ, ನೀನು ಅಳೋದು, ನಿನ್ನ ಸೊಸೆ ತಲೆ ಬಾಚೋದು. ಪರ ಹೆಂಗಸರನ್ನ ನೋಡೋದು ನನಗೆ ಹರಾಮು. ನೋಡಬಾರದು ಅಂತೀನಿ. ಆ ಕಣ್ಣಿಗೆ ಮುಚ್ಚೋಕೆ ರೆಪ್ಪೆ ಇಲ್ಲ. ತಪ್ಪು ತಿಳೀಬೇಡ ಮಗಳೇ." ಕಡೆಯ ಮಾತು ನನಗೆ ಹೇಳಿದ್ದು. ನಾನು ನಾಚಿಕೆಯಿಂದಲೂ ಭಯದಿಂದಲೂ ಅತ್ತುಬಿಟ್ಟೆ.

ಮನೆಗೆ ಬಂದು ಪಟವನ್ನು ಗೋಡೆಯ ಕಡೆ ತಿರುಗಿಸಿದೆವು. ಸಂಜೀವಯ್ಯ ಬಂದು, ಸುಣ್ಣದ ಒಂದೊಂದು ಬಿರುಕೂ ಕಾಣುತ್ತಂತೆ, ಎಣಿಸೀ ಎಣಿಸೀ ಸಾಕಾಯ್ತಂತೆ ಅಂದ. ಕಂಬಳಿ ಹೊದಿಸಿದರೆ ಕಂಬಳಿಯ ಎಳೆ ಕಾಣುತ್ತಿತ್ತು. ಮರದ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರೆ, ಒಳಗೆ ಅತ್ತೆಯ ಮದುವೆ ಸೀರೆಯ ಮಡಿಕೆ, ಸತ್ತ ಜಿರಲೆ ಎಲ್ಲ ಹಗಲಿನಷ್ಟೇ ಚೆನ್ನಾಗಿ ಕಾಣುತ್ತಿತ್ತು. ಗರ್ಭಗುಡಿಯ ಕತ್ತಲಲ್ಲಿ ನೋಡಲೆಂದು ಬರೆಯುವ ಕಣ್ಣು ಅದು, ಪೆಟ್ಟಿಗೆ ಯಾವ ಲೆಕ್ಕ? ಅವರ ಮನೆಗೇ ಕೊಟ್ಟುಬಿಡೋಣ ಅಂದರೆ, ಪಟ ಇರುವ ಮನೆಗೆ ದೇವರ ದೂತರು, ಫರಿಷ್ತೆಗಳು, ಬರುವುದಿಲ್ಲ, ಬೇಡವೇ ಬೇಡ ಅಂದರು. ಪುರಭವನ ಅಂದದ್ದಕ್ಕೆ, "ಅಮಲ್ದಾರರ ಭಾಷಣ ಕೇಳೋದೇ ಕಷ್ಟ, ಇನ್ನು ದಿನವಿಡೀ ನೋಡಲೇನು?" ಅಂತ ನಕ್ಕರಂತೆ. ಅವರು ನಕ್ಕದ್ದು ಅದೇ ಕಡೆಯ ಸಲ.

ನಿದ್ದೆಯೇ ಇರಲಿಲ್ಲ ಅವರಿಗೆ. ಕಣ್ಣು ಮುಚ್ಚದೆ ಎಲ್ಲಿಯ ನಿದ್ದೆ? ರಂಜಾನಿನ ತಿಂಗಳು ಹುಟ್ಟಿತು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ಎಚ್ಚರ. ಮೈ ಕರಗಿ ಶಾಲಿನೊಳಗೆ ಮೂಳೆ ಉಳಿಯಿತು. ಒಂದು ಸಂಜೆ ಗಾಡಿಯಲ್ಲಿ ಕೂತು ತಾವೇ ನಮ್ಮ ಬಾಗಿಲಿಗೆ ಬಂದರು. ಕೆಳಗಿಳಿಯಲಿಲ್ಲ.

"ಕೊಲ್ಲಾಪುರಮ್ಮ, ಅಳಿಸಿಬಿಡು."

"ಬಿಡಿಸಿದ ಕಣ್ಣ ಅಳಿಸಬಾರದು ಸ್ವಾಮಿ. ಕಿತ್ತಂಗೆ ಅದು. ಆ ನೋವು ನಿಮಗೆ ಬಂದಾತು."

"ಹಾಗಾದ್ರೆ ರೆಪ್ಪೆ ಬರಿ. ಕಣ್ಣು ಮುಚ್ಚಿಸು."

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ರೆಪ್ಪೆ ಇಳಿಸುವುದು ನಮ್ಮಲ್ಲಿ ಇದೆ. ಅಮ್ಮನವರ ಮುಖ ಹಳತಾಗಿ, ಗೆದ್ದಲು ಹಿಡಿದು, ಕೆರೆಗೆ ಬಿಡುವ ಮುಂಚೆ ಕಣ್ಣಿನ ಮೇಲೆ ರೆಪ್ಪೆ ಇಳಿಸಿ ಕಳಿಸುತ್ತೇವೆ. ಅದು ದೇವರ ತಿಥಿ ಇದ್ದ ಹಾಗೆ. ರೆಪ್ಪೆ ಇಳಿಸಿದ ಮುಖ ಮತ್ತೆ ಗುಡಿಗೆ ಹೋದದ್ದು ಯಾರೂ ಕಂಡಿಲ್ಲ.

"ನಾನು ಕೊಲೆ ಮಾಡಾಕಿಲ್ಲ," ಅಂದರು ಅತ್ತೆ.

"ಸಾವು ಕೇಳೋದು ನಮಗೂ ತಪ್ಪು. ನಾನು ಅದನ್ನ ಕೇಳ್ತಿಲ್ಲ. ನಿದ್ದೆ ಕೇಳ್ತಿದ್ದೀನಿ."

"ನಂ ಕೆಲಸದಾಗೆ ಎರಡಕ್ಕೂ ಒಂದೇ ಗೀಟು ಸ್ವಾಮಿ. ನಾನೇನ್ ಮಾಡ್ಲಿ?"

ಗಾಡಿ ಹಿಂದಕ್ಕೆ ಹೋಯಿತು. ನಾನು ಅತ್ತೆಯ ಮೇಲೆ ಹರಿಹಾಯ್ದೆ. ಕಣ್ಣು ಬಿಡಿಸುವಾಗ ಇಲ್ಲದ ಯೋಚನೆ ಮುಚ್ಚುವಾಗ ಯಾಕೆ ಅಂದೆ. ಆ ನೋಟದ ಜೊತೆ ಒಂದೇ ಮನೆಯಲ್ಲಿ ನಾನು ಬದುಕಬೇಕಲ್ಲ, ನನಗೂ ಸಾಕಾಗಿತ್ತು. ಅತ್ತೆ ನನಗೆ ತಿರುಗಿಸಿ ಬಯ್ಯಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು. ಪೆಟ್ಟಿಗೆಯಿಂದ ಪಟ ತೆಗೆದು, ಹಿತ್ತಿಲ ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿದರು. ನುಗ್ಗೆಮರ, ಗುಬ್ಬಿ, ಆಕಾಶ ಕಾಣಲಿ ಅಂತ. ನಾವು ಆ ಬಾಗಿಲಿಗೆ ಹೋಗುವುದನ್ನು ಬಿಟ್ಟೆವು. ಗುಬ್ಬಿ ಮರಿ ಮಾಡಿದೆ ಅಂತ ಸಾಹೇಬರು ಒಮ್ಮೆ ಹೇಳಿ ಕಳಿಸಿದರು.

ರಂಜಾನು ಮುಗಿಯುತ್ತ ಬಂತು. ಚಂದ್ರ ಕಾಣಬೇಕಾದ ದಿನ ಸಂಜೀವಯ್ಯ ಮತ್ತೆ ಬಂದ. ಮುಖ ಬಾಡಿತ್ತು. "ಇನ್ನೇನೂ ಕೇಳಾಕಿಲ್ಲ ಅಂದ್ರು ಕಣಮ್ಮ. ಇವತ್ತು ಸಂಜೆ ಪಟನ ಒಂದ್ಸಲ ಪಡುವಲ ಕಡೀಕೆ ತಿರುಗಿಸಿ ಇಡಬೇಕಂತೆ. ಚಂದ್ರನ್ನ ನೋಡ್ಬೇಕಂತೆ."

ಅತ್ತೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಹಲಗೆಯನ್ನು ಎದೆಗವಚಿಕೊಂಡು ಏಣಿ ಹತ್ತಿದರು. ನಾನು ಕೆಳಗಿನಿಂದ ಹಿಡಿದುಕೊಟ್ಟೆ. ಮಾಳಿಗೆಯ ಮೇಲೆ ಪಟವನ್ನು ಪಡುವಣಕ್ಕೆ ನಿಲ್ಲಿಸಿ ಹಿಂದೆ ಕೂತೆವು. ಪಡುವಣದಲ್ಲಿ ಬೂದಿ ಚೆಲ್ಲಿದ ಹಾಗೆ ಮೋಡ. ನಮ್ಮ ಮನೆಯ ಪಕ್ಕದ ಹುಣಸೆಮರ ಕಪ್ಪಗೆ ನಿಂತಿತ್ತು. ನನಗೆ ಏನೂ ಕಾಣಲಿಲ್ಲ, ಅತ್ತೆಗೂ ಕಾಣಲಿಲ್ಲ.

ಅತ್ತ ಮಸೀದಿಯ ಮೇಲೆ ಸಾಹೇಬರನ್ನು ನಡುವೆ ನಿಲ್ಲಿಸಿಕೊಂಡು ಜನ ಆಕಾಶ ನೋಡುತ್ತಿದ್ದರಂತೆ. ಸಂಜೀವಯ್ಯ ಕೆಳಗೆ ಅಂಗಳದಲ್ಲಿ ನಿಂತು ಕೇಳಿದ್ದು ಇದು. ಎಲ್ಲರೂ ಇವತ್ತು ಇಲ್ಲ ಅಂತ ಇಳಿಯಲು ಹೊರಟಾಗ ಸಾಹೇಬರು ಕೈ ಎತ್ತಿದರು. "ಅಲ್ಲಿ. ಹುಣಸೆಮರದ ಎಡಕ್ಕೆ, ಕೆಳಗಿನ ಕೊಂಬೆ ಪಕ್ಕದಲ್ಲಿ," ಅಂದರು. ಮಸೀದಿಯಿಂದ ನೋಡಿದರೆ ಪಡುವಣದಲ್ಲಿ ಹುಣಸೆಮರವೇ ಇಲ್ಲ. ಪಾಪ, ಮುದುಕರಿಗೆ ಭ್ರಮೆ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಮೋಡ ಸರಿಯಿತು. ಉಗುರು ಕತ್ತರಿಸಿ ಎಸೆದ ಹಾಗೆ, ಎಳೆಯ ಚಂದ್ರ. ಅಲ್ಲಿದ್ದ ಎಲ್ಲರೂ ಕಂಡರು.

ನಮ್ಮ ಮಾಳಿಗೆಯ ಮೇಲೆ ನಾವೂ ಕಂಡೆವು. ಹುಣಸೆಮರದ ಎಡಕ್ಕೆ, ಕೆಳಗಿನ ಕೊಂಬೆಯ ಪಕ್ಕದಲ್ಲಿಯೇ ಇತ್ತು. ಮಸೀದಿಯ ಕಡೆಯಿಂದ ನಗಾರಿಯ ಸದ್ದು ಬಂತು. ಅತ್ತೆ ಮುಂದಕ್ಕೆ ಬಗ್ಗಿ ಪಟದ ಮುಖ ನೋಡಿದರು. ನಾನೂ ನೋಡಿದೆ. ಹಲಗೆಯ ಮೇಲಿನ ಆ ಕಣ್ಣುಗಳ ಕೆಳಗೆ, ಬಿಳಿ ಗಡ್ಡದವರೆಗೆ, ಬಣ್ಣ ಒದ್ದೆಯಾಗಿತ್ತು. ಮಳೆ ಒಂದು ಹನಿಯೂ ಬಿದ್ದಿರಲಿಲ್ಲ.

"ಸಾಕು ಕಣೇ ಚಿಕ್ಲಕ್ಷ್ಮಿ," ಅಂದರು ಅತ್ತೆ. "ಕನ್ನಡಿ ತಗಂಬಾ. ಕುಂಬಳಕಾಯಿ ತಗಂಬಾ."

ಈ ಸಲ ಎಲ್ಲ ಕ್ರಮದಂತೆ ನಡೆಯಿತು. ದೀಪ ಹಚ್ಚಿದೆ. ಅತ್ತೆ ಪಕ್ಕಕ್ಕೆ ಕೂತರು, ಕನ್ನಡಿಯಲ್ಲಿ ನೋಡಿಕೊಂಡರು. "ನೀವು ನಿದ್ದೆ ಕೇಳಿದ್ರಿ ಸ್ವಾಮಿ, ನಾನು ನಿದ್ದೆ ಬರೀತಿದ್ದೀನಿ. ನಿದ್ದೆ. ನಿದ್ದೆ," ಅಂತ ಹೇಳಿಕೊಳ್ಳುತ್ತಲೇ ಎಡಗಣ್ಣಿನ ಮೇಲೆ ರೆಪ್ಪೆ ಇಳಿಸಿದರು, ಆಮೇಲೆ ಬಲಗಣ್ಣಿನ ಮೇಲೆ. ನಾನು ಕುಂಬಳಕಾಯಿಯನ್ನು ಬೀದಿಗೆ ಒಯ್ದು ಒಡೆದೆ. ಒಳಗೆ ತಿರುಳು ಒಣಗಿ ಹೋಗಿತ್ತು. ಬೀದಿಯಲ್ಲಿ ಹಬ್ಬದ ಸಡಗರ, ಮಕ್ಕಳ ಕೇಕೆ. ಒಳಗೆ ಬಂದರೆ ಅತ್ತೆ ಪಟದ ಮುಂದೆ ಹಾಗೇ ಕೂತಿದ್ದರು. ಬೆಳಗಾಗುವವರೆಗೆ ಏಳಲಿಲ್ಲ.

ಬೆಳಗ್ಗೆ ಹಬ್ಬದ ನಮಾಜಿಗೆ ಜನ ಹೊಸ ಬಟ್ಟೆ ತೊಟ್ಟು ಹೊರಟಿದ್ದರು. ಸಂಜೀವಯ್ಯ ನಡೆದೇ ಬಂದ. ಗಾಡಿ ಇರಲಿಲ್ಲ, ತಲೆಗೆ ರುಮಾಲು ಇರಲಿಲ್ಲ. ಬಾಗಿಲಲ್ಲಿ ನಿಂತ. ನನಗೆ ಹೇಳಲಿಲ್ಲ, ನನ್ನನ್ನು ದಾಟಿ ಅತ್ತೆಯನ್ನೇ ನೋಡಿದ.

ಅತ್ತೆಯೇ ಕೇಳಿದರು. "ನಿದ್ದೆ ಮಾಡಿದ್ರಾ?"

"ಮಾಡಿದ್ರು ಕಣಮ್ಮ. ಚಾಂದ್ ಸಾರಿ ಮನೀಗೆ ಬಂದ್ರು, ಎರಡು ಖರ್ಜೂರ ತಿಂದ್ರು. ಆಕಳಿಸಿದ್ರು. ರೆಪ್ಪೆ ಹಂಗೇ ಕೂಡ್ಕಂತು. ಎಳೇ ಮಗೀನಂಗೆ ಗೊರಕೆ ಹೊಡೆದ್ರು. ಬೂಬಮ್ಮ ಪಕ್ಕದಾಗೇ ಕುಂತು ಅತ್ರು, ನನ್ನ ತಮ್ಮ ಮಲಗವನೆ ಅಂತ."

"ಆಮೇಲೆ?"

ಸಂಜೀವಯ್ಯ ಗಂಟಲು ಸರಿಮಾಡಿಕೊಂಡ. ಯಾವ ತಪ್ಪೂ ಆಗದ ಹಾಗೆ, ಮಗ್ಗಿ ಒಪ್ಪಿಸುವವನಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

"ಸಾ-ಹೇ-ಬ್ರು ಕಣ್ಣು ಮುಚ್ಚಿದ್ರು."

'ರು' ಅನ್ನುವುದನ್ನು ಒತ್ತಿ ಹೇಳಿದ. ಅತ್ತೆ ತಲೆಯಾಡಿಸಿದರು. ಬಣ್ಣದ ಚಿಪ್ಪುಗಳನ್ನು ಒಂದೊಂದಾಗಿ ಎತ್ತಿ ಹಿತ್ತಿಲ ಬಾವಿಗೆ ಹಾಕಿ ಬಂದರು. ಆಮೇಲೆ ಬರಗೂರಿನವರು ಕಾಲು ಹಿಡಿದರೂ ಯಾವ ಅಮ್ಮನಿಗೂ ಕಣ್ಣು ಬಿಡಿಸಲಿಲ್ಲ. ಆವತ್ತಿನ ರಾತ್ರಿಯಿಂದ ತಮ್ಮ ಕಣ್ಣನ್ನೂ ಮುಚ್ಚಲಿಲ್ಲ. ಕಡೆಗಾಲದಲ್ಲಿ ಹಾಸಿಗೆ ಹಿಡಿದಾಗ ಒಂದೇ ಮಾತು ಕೇಳಿದರು, "ನಿಂ ಕೈಲೇ ಮುಚ್ಚು ಕಣೇ." ನಾನೇ ಮುಚ್ಚಿದೆ.